ಬಾಯಿಲ್ಲದವಳ ಫೈಲು

"ಧೈರ್ಯ ತಂದ್ಕೊ, ಎಲ್ಲಾ ಸರಿಹೋಗುತ್ತೆ" ಅಂದವರ ಮಾತು ನನಗೆ ಕಾಸಿನಷ್ಟೂ ಉಪಯೋಗಕ್ಕೆ ಬರಲಿಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ "ಇಳೀತೀನಿ" ಎಂದು ಕೂಗಲಾಗದೆ, ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿಯುವಾಗ ಇಳಿದು ವಾಪಸ್ ನಡೆದುಬರುವ ಪೈಕಿ ನಾನು. ಅಂಥವಳು 2024ರ ಮಾರ್ಚ್‌ನಲ್ಲಿ ಒಬ್ಬಳೇ ಮಲೇಷ್ಯಾಕ್ಕೆ ಹೋಗಿಬಂದೆ. ನಾಚಿಕೆ ಹೋಗಿಲ್ಲ, ಹಾಗೇ ಇದೆ. ಅದನ್ನು ಇಟ್ಟುಕೊಂಡೇ ಹೋಗಿಬರಬಹುದು ಎಂದು ನನ್ನಂಥವರಿಗೆ ಹೇಳಬೇಕಿದೆ. ಜೊತೆಗೆ, ನಮ್ಮ ಸೋದರಮಾವ ಮದುವೆಮನೆಗಳಲ್ಲಿ ಹಬ್ಬಿಸುತ್ತಿರುವ ಕಥೆಗೆ ಒಂದು ಉತ್ತರವೂ ಬೇಕಲ್ಲ.

ನಮ್ಮೂರು ವೀರನಹೊಸಹಳ್ಳಿ ಎಂದರೆ ಹೊರಗಿನವರಿಗೆ ನಾಗರಹೊಳೆಯ ಗೇಟು. ದಸರಾ ಆನೆಗಳು ಮೈಸೂರಿಗೆ ಹೊರಡುವುದು ಇಲ್ಲಿಂದಲೇ. ಗಜಪಯಣದ ದಿನ ಮಂತ್ರಿಗಳು ಬರುತ್ತಾರೆ, ಮಂಗಳವಾದ್ಯ, ಪೂಜೆ, ಕಬ್ಬು, ಬೆಲ್ಲ. ನಮ್ಮೂರಿನಿಂದ ಹೊರಡುವವರಿಗೆ ಮರ್ಯಾದೆ ಅಂತ ಸಿಗುವುದು ಅವತ್ತೊಂದೇ ದಿನ, ಅದೂ ಆನೆಗಳಿಗೆ. ನಾನು ಹೊರಡುತ್ತೇನೆ ಅಂದಾಗ ಸಿಕ್ಕಿದ್ದು ಮಾವನ ಮಾತು: "ಎಣ್ಮಗ್ಳು, ಒಬ್ಬೊಂಟಿ, ಅದೂ ಮಾತೇ ಆಡ್ದಿರೋಳು. ಅಲ್ಲೋಗಿ ಕಳ್ದೋದ್ರೆ ಯಾರನ್ನ ಕೇಳಾದು?" ಅಪ್ಪ ಏನೂ ಹೇಳಲಿಲ್ಲ. ಆ ವರ್ಷ ಹೊಗೆಸೊಪ್ಪಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಕ್ಕಿತ್ತು. ನನ್ನ ಸಂಬಳದ ಉಳಿತಾಯಕ್ಕೆ ಕಡಿಮೆ ಬಿದ್ದದ್ದನ್ನು ಸುಮ್ಮನೆ ಸೇರಿಸಿದರು.

ನಮ್ಮ ತಾಲ್ಲೂಕಿನವರು ಪ್ರಪಂಚ ಕಾಣದವರೇನಲ್ಲ. ಗುರುಪುರದ ಟಿಬೆಟನ್ನರು ಪಾಸ್‌ಪೋರ್ಟ್ ಇಲ್ಲದೆ ಹಳದಿ ಗುರುತಿನ ಪುಸ್ತಕ ಹಿಡಿದು ಯುರೋಪಿನವರೆಗೂ ಹೋಗಿಬರುತ್ತಾರೆ. ಪಕ್ಷಿರಾಜಪುರದ ಹಕ್ಕಿಪಿಕ್ಕಿ ಬುಡಕಟ್ಟಿನವರ ವಿಷಯವಂತೂ ಎಲ್ಲರಿಗೂ ಗೊತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಗಿಡಮೂಲಿಕೆ ಎಣ್ಣೆ ಕೈಹಿಡಿಯಿತು. ಆ ಎಣ್ಣೆ ಮಾರಿಕೊಂಡು ಆಫ್ರಿಕಾದ ಊರೂರು ಸುತ್ತಿದವರು ಅವರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಅವರೇ ಹೆಚ್ಚು. ಇಲ್ಲಿ ವಿಧಾನಸಭೆ ಚುನಾವಣೆಯ ಕಾಲ, ಹಾಗಾಗಿ ಅವರ ವಿಷಯಕ್ಕೆ ರಾಜಕಾರಣಿಗಳ ನಡುವೆ ಟ್ವಿಟರ್‌ನಲ್ಲೂ ಜಗಳವಾಯಿತು. ಆಮೇಲೆ ಭಾರತ ಸರ್ಕಾರದ ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾ ದಾಟಿಸಿ ಕರೆತಂದರು.

ಪಕ್ಷಿರಾಜಪುರದ ಒಬ್ಬ ಅಕ್ಕ ನನಗೆ ಪರಿಚಯ. ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ತಮಿಳು, ಹಿಂದಿ, ಹೊರದೇಶದಲ್ಲಿ ಅಲ್ಲಲ್ಲಿ ಹೆಕ್ಕಿದ ನಾಲ್ಕು ಫ್ರೆಂಚ್ ಪದ. ಧೈರ್ಯದ ಮಾತನ್ನೇ ಎತ್ತದೆ ಉಪಯೋಗಕ್ಕೆ ಬರುವುದನ್ನು ಹೇಳಿದವರು ಅವರೊಬ್ಬರೇ. "ಎಲ್ಲಾನೂ ಪ್ರಿಂಟ್ ತೆಗ್ಸು. ಫೋನ್ ನೆಚ್ಕೋಬೇಡ. ಏರ್‌ಪೋರ್ಟ್‌ನವ್ರು ಕೇಳೋದು ಮೂರೇ: ಯಾಕ್ ಬಂದೆ, ಎಲ್ಲಿರ್ತೀಯ, ಯಾವಾಗ ಹೋಗ್ತೀಯ. ಮೂರಕ್ಕೂ ಉತ್ರ ದಪ್ಪಕ್ಷರದಲ್ಲಿ ಬರ್ದಿಟ್ಕೊ. ಬಾಯಿ ಕಟ್ಟಿದ್ರೆ ಕೊಟ್ಬುಡು." ನಮ್ಮೂರ ಚೆಕ್‌ಪೋಸ್ಟಿನಲ್ಲಿ ಗಾರ್ಡು ಕುಟ್ಟದ ಕಡೆ ಹೋಗುವ ಗಾಡಿಗಳನ್ನು ಕೇಳುವುದೂ ಹೆಚ್ಚುಕಡಿಮೆ ಇಷ್ಟೇ ಅಂತ ನನಗೆ ಆಗ ಹೊಳೆಯಿತು. ಸ್ವಲ್ಪ ಉಸಿರು ಬಂತು.

ಪಾಸ್‌ಪೋರ್ಟಿನದು ದೊಡ್ಡ ಕಥೆಯಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅನ್ನುವುದು ದೇಶದಲ್ಲಿ ಮೊದಲು ಶುರುವಾದದ್ದೇ 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. 1500 ರೂಪಾಯಿ ಶುಲ್ಕ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮರೆಯದೆ ಕೊಡಿ. ಇಲ್ಲದಿದ್ದರೆ ವಲಸೆ ತಪಾಸಣೆ ಬೇಕು ಎಂಬ ಪಟ್ಟಿಗೆ ಸೇರಿಸುತ್ತಾರೆ, ಮಲೇಷ್ಯಾ ಆ ಪಟ್ಟಿಯ ದೇಶ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಅಲ್ಲಿ ಮೂವತ್ತು ದಿನದವರೆಗೆ ವೀಸಾ ಬೇಡವಾಗಿತ್ತು. ಆದರೆ ವೀಸಾ ಬೇಡ ಅಂದ ಮಾತ್ರಕ್ಕೆ ಏನೂ ಬೇಡ ಅಂತಲ್ಲ. ಹಿಂತಿರುಗುವ ಟಿಕೆಟ್, ತಂಗುವ ಜಾಗ, ಕೈಯಲ್ಲಿ ಹಣ ತೋರಿಸಬೇಕು, ಹೋಗುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು.

ಇಲ್ಲೇ ಮಾವ ತಲೆಹಾಕಿದ್ದು. ನಾನೇ ಎಲ್ಲ ಬುಕ್ ಮಾಡುತ್ತೇನೆ ಅಂದೆ, ಅಂದರೆ ಅಮ್ಮನ ಹತ್ತಿರ ಅಂದೆ. ಮಾವ ಬಿಡಲಿಲ್ಲ. "ನಮ್ಮುಡ್ಗ ಒಬ್ಬ ಏಜೆಂಟ್ ಅವ್ನೆ, ಎಲ್ಲಾ ಪಕ್ಕಾ ಮಾಡ್ಕೊಡ್ತಾನೆ." ಹುಡುಗ ಕ್ವಾಲಾಲಂಪುರದ ಹೋಟೆಲ್ಲಿನ ಪೂರ್ತಿ ಹಣ ಇಸ್ಕೊಂಡು ಒಂದು ಕಾಗದ ಕೊಟ್ಟ. ಆ ಕಾಗದದ ಮೇಲೆ ಲೋಗೋ ಇತ್ತು, ನನ್ನ ಹೆಸರಿತ್ತು, ಕೋಣೆ ಮಾತ್ರ ಇರಲಿಲ್ಲ. ಬುಕ್ ಮಾಡಿ, ಕಾಗದ ತೆಗೆದು, ಮರುದಿನವೇ ರದ್ದು ಮಾಡಿಸಿದ್ದ. ಇದು ಇಂಥ ಏಜೆಂಟರ ನಿತ್ಯದ ವ್ಯಾಪಾರವಂತೆ. ವಾಪಸ್ ಟಿಕೆಟ್ಟಾದರೂ ನಿಜವಾಗಿತ್ತು, ಪುಣ್ಯ.

ಕ್ವಾಲಾಲಂಪುರದ ಏರ್‌ಪೋರ್ಟಿನಲ್ಲಿ ಇಳಿದು, ತಪಾಸಣೆಯ ಸಾಲಿನಲ್ಲಿ ನನ್ನ ಸರದಿ ಬಂದಾಗ ಗಂಟಲು ಒಣಗಿಹೋಗಿತ್ತು. ಅಧಿಕಾರಿ ಏನೋ ಕೇಳಿದರು. ಇಂಗ್ಲಿಷೇ, ಪದಗಳೂ ಗೊತ್ತಿದ್ದವೇ, ಆದರೂ ಕಿವಿಯೊಳಗೆ ಹೋಗಿ ಅರ್ಥವಾಗುವಷ್ಟರಲ್ಲಿ ಅವರು ಮತ್ತೊಮ್ಮೆ ಕೇಳಿಯಾಗಿತ್ತು. ಹೋಟೆಲ್ಲಿನ ಕಾಗದ ಮುಂದಿಟ್ಟೆ. ಫೋನ್ ಎತ್ತಿದರು. ಎರಡು ಮಾತಾಡಿ ಇಟ್ಟರು. ನನ್ನ ಪಾಸ್‌ಪೋರ್ಟನ್ನು ಪಕ್ಕದವರ ಕೈಗೆ ಕೊಟ್ಟು, ಅವರ ಹಿಂದೆ ಹೋಗುವಂತೆ ಕೈಸನ್ನೆ ಮಾಡಿದರು. ಅವರ ತಪ್ಪೇನಿಲ್ಲ ಬಿಡಿ. ಇಲ್ಲದ ಕೋಣೆಯ ಕಾಗದ ತೋರಿಸುವವಳನ್ನು ನಾನಾದರೂ ಒಳಗೆ ಬಿಡುತ್ತಿರಲಿಲ್ಲ.

ಒಂದು ಕೋಣೆ, ಗೋಡೆಗುಂಟ ಕುರ್ಚಿಗಳು, ಹಲ್ಲು ಕಟಕಟ ಅನ್ನುವಷ್ಟು ಎಸಿ. ಬಾಂಗ್ಲಾದೇಶದ ಹುಡುಗರು ಒಂದಷ್ಟು ಜನ, ಮಗುವಿದ್ದ ಒಂದು ತಮಿಳು ಸಂಸಾರ. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಕೆಲವರು ಹೊರಗೆ ಹೋದರು, ಕೆಲವರು ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತರು. ಹಾಗೆ ತಿರುಗಿ ಬಂದವರ ಮುಖ ನೋಡುವುದು ಕಷ್ಟವಾಗಿತ್ತು. ಊರಿಗೆ ವಾಪಸ್ ಕಳಿಸುತ್ತಾರೆ ಅಂತ ತಮಿಳು ಹೆಂಗಸು ನನಗೆ ಅರ್ಥವಾಗಲಿ ಎಂದೇ ನಿಧಾನವಾಗಿ ಹೇಳಿದರು. ನನ್ನ ಕಣ್ಣಮುಂದೆ ಬಂದದ್ದು ವಿಮಾನವಲ್ಲ, ಜಗಲಿಯ ಮೇಲೆ ಕೂತಿರುವ ಮಾವ.

ಇನ್ನೊಂದು ಸಂಕಟ, ಯಾರೂ ಬರೆಯದ್ದು. ವಿಮಾನ ಇಳಿದಾಗಿನಿಂದ ನನಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಬಾಗಿಲಲ್ಲಿ ಒಬ್ಬ ಗಾರ್ಡು. ಒಂದೇ ಪದ ಕೇಳಬೇಕು, ಅಷ್ಟೇ. ಎದ್ದೆ, ಕೂತೆ, ಬ್ಯಾಗು ಸರಿಮಾಡಿಕೊಳ್ಳುವವಳ ಹಾಗೆ ಮತ್ತೆ ಎದ್ದೆ. ಬೆವರು ಬರುತ್ತಿತ್ತು, ಆ ಚಳಿಯಲ್ಲಿ. ವಾಪಸ್ ಕಳಿಸುವ ಭಯಕ್ಕಿಂತ ಇದೇ ದೊಡ್ಡದಾಗಿಬಿಟ್ಟಿತು. ಕೊನೆಗೆ ಬಾಂಗ್ಲಾದ ಒಬ್ಬ ಹುಡುಗ, ನನಗಿಂತ ಚಿಕ್ಕವನೇ ಇರಬೇಕು, ಹಿಂದಿಯಲ್ಲಿ "ದೀದಿ, ಟಾಯ್ಲೆಟ್?" ಎಂದು ಕೇಳಿ, ನಾನು ತಲೆಯಾಡಿಸಿದ ಕೂಡಲೇ ಗಾರ್ಡಿಗೆ ತಾನೇ ಹೇಳಿದ. ಅವನ ಹೆಸರು ಕೇಳಲಿಲ್ಲ. ನಾನು ವಾಪಸ್ ಬರುವಷ್ಟರಲ್ಲಿ ಅವನನ್ನು ಒಳಗೆ ಕರೆದಿದ್ದರು, ಮತ್ತೆ ಕಾಣಲಿಲ್ಲ.

ಕುರ್ಚಿಗೆ ಬಂದು ಕೂತು ಫೈಲು ತೆಗೆದೆ. ಏಜೆಂಟನಿಗೆ, ಮಾವನಿಗೆ ಗೊತ್ತಿಲ್ಲದಂತೆ ನಾನೇ ಮಾಡಿಕೊಂಡಿದ್ದ ಬುಕಿಂಗ್ ಒಂದಿತ್ತು. ತಮನ್ ನೆಗಾರ ಕಾಡಿನಂಚಿನ ಕ್ವಾಲಾ ತಹಾನ್ ಹಳ್ಳಿಯ ಗೆಸ್ಟ್‌ಹೌಸ್, ಅವರೊಡನೆ ಆಡಿದ ಈಮೇಲ್‌ಗಳ ಪ್ರಿಂಟ್ ಸಮೇತ. ಮಲೇಷ್ಯಾವನ್ನು ಆರಿಸಿಕೊಂಡದ್ದೇ ಆ ಕಾಡಿಗಾಗಿ. ಒಂದು ಬಿಳಿ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ: ನನ್ನ ಊರು ಹುಲಿ ಕಾಡಿನ ಪಕ್ಕದಲ್ಲಿದೆ, ನಿಮ್ಮ ಕಾಡು ನೋಡಲು ಬಂದಿದ್ದೇನೆ, ಏಜೆಂಟ್ ನನಗೆ ಮೋಸ ಮಾಡಿದ್ದಾನೆ, ಈ ಗೆಸ್ಟ್‌ಹೌಸಿಗೆ ಫೋನ್ ಮಾಡಿ, ನನಗೆ ಮಾತು ಬೇಗ ಬರುವುದಿಲ್ಲ, ಬರೆದು ಕೇಳಿದರೆ ಬರೆದು ಹೇಳುತ್ತೇನೆ. ಕೊನೆಯ ಸಾಲು ಬರೆಯುವಾಗ ಕೈ ನಡುಗಲಿಲ್ಲ.

ಒಳಗಿದ್ದ ಅಧಿಕಾರಿಣಿ ಹಾಳೆಯನ್ನು ಪೂರ್ತಿ ಓದಿದರು. ಫೋನ್ ಮಾಡಿದರು. ಆ ಕಡೆಯವರು ನನ್ನ ಹೆಸರು ಹೇಳಿರಬೇಕು. ಹಣ ಎಣಿಸಿ ತೋರಿಸುವಂತೆ ಹಾಳೆಯ ಮೇಲೇ ಬರೆದರು. ತೋರಿಸಿದೆ. ಸೀಲು ಬಿತ್ತು.

ಉಳಿದ ಪ್ರವಾಸ ಚೆನ್ನಾಗಿತ್ತು, ಚೆನ್ನಾಗಿದ್ದದ್ದರ ಬಗ್ಗೆ ಹೇಳುವುದಕ್ಕೆ ಕಡಿಮೆ. ಬಾಟು ಗುಹೆಯ 272 ಮೆಟ್ಟಿಲು ಹತ್ತಿದೆ, ಕೆಳಗೆ 140 ಅಡಿಯ ಚಿನ್ನದ ಬಣ್ಣದ ಮುರುಗ. ನಮ್ಮ ನಾಗರಹೊಳೆ 643 ಚದರ ಕಿಲೋಮೀಟರ್, ತಮನ್ ನೆಗಾರ ನಾಲ್ಕು ಸಾವಿರಕ್ಕೂ ಮೇಲೆ. ಇಲ್ಲಿ ಸಫಾರಿ ಗಾಡಿಯಿಂದ ಕಾಲು ಕೆಳಗಿಡುವ ಹಾಗಿಲ್ಲ, ಅಲ್ಲಿ ಕಾಡು ನೋಡಬೇಕೆಂದರೆ ನಡೆಯಲೇಬೇಕು, ಜಿಗಣೆ ಕಚ್ಚಿಸಿಕೊಳ್ಳಲೇಬೇಕು. ಬಾತೆಕ್ ಬುಡಕಟ್ಟಿನವರ ಹಾಡಿಗೂ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಊದುಕೊಳವೆಯಿಂದ ಬಾಣ ಹೊಡೆದು ತೋರಿಸುತ್ತಾರೆ, ಜನ ಫೋಟೋ ತೆಗೆಯುತ್ತಾರೆ. ಕಾಡಿನಿಂದ ಹೊರಗೆ ಹಾಕಿಸಿಕೊಂಡ ನಮ್ಮ ಕಡೆಯ ಜೇನುಕುರುಬರ ನೆನಪಾಗಿ ನಾನು ಫೋಟೋ ತೆಗೆಯಲಿಲ್ಲ.

ನಾಚಿಕೆಯವರಿಗೆ ಹೇಳುವುದು ಇಷ್ಟು. ತಂಗುವ ಜಾಗ ನೀವೇ ಬುಕ್ ಮಾಡಿ, ಆಮೇಲೆ ಈಮೇಲ್ ಕಳಿಸಿ ಅವರಿಂದ ಉತ್ತರ ತರಿಸಿಕೊಳ್ಳಿ. ಪ್ರಿಂಟ್ ಎರಡು ಪ್ರತಿ ಇರಲಿ, ಖಾಲಿ ಹಾಳೆ ಮತ್ತು ಪೆನ್ನು ಕೈಚೀಲದಲ್ಲೇ ಇರಲಿ. ವಿಮಾನ ಇಳಿಯುವ ಮೊದಲೇ ಬಾತ್‌ರೂಮಿಗೆ ಹೋಗಿಬನ್ನಿ. ತಲೆಗೆ ಹಚ್ಚುವ ಎಣ್ಣೆ ನೂರು ಮಿಲಿಗಿಂತ ಹೆಚ್ಚಿದ್ದರೆ ದೊಡ್ಡ ಬ್ಯಾಗಿಗೆ ಹಾಕಿ (ಇದು ಪಕ್ಷಿರಾಜಪುರದ ಅಕ್ಕನ ಖಾಸಾ ಸೂಚನೆ).

ಮಾವ ಈಗಲೂ ಹೇಳುತ್ತಾರೆ, "ನಮ್ಮುಡ್ಗ ಇಲ್ದಿದ್ರೆ ಇವ್ಳು ಏರ್‌ಪೋರ್ಟ್ ದಾಟ್ತಿದ್ಲಾ?" ಎದುರು ಮಾತಾಡಲು ನನಗಾಗುವುದಿಲ್ಲ, ಅದು ಅವರಿಗೂ ಗೊತ್ತು. ಆ ಹುಡುಗನ ಅಂಗಡಿಗೆ ಮಾತ್ರ ಒಬ್ಬಳೇ ಹೋದೆ. ಹೋಟೆಲ್ಲಿನ ಹಣದ ಲೆಕ್ಕ ಬರೆದುಕೊಂಡು ಹೋಗಿದ್ದ ಕಾಗದವನ್ನು, ಗಿರಾಕಿಗಳಿದ್ದ ಹೊತ್ತು ನೋಡಿ, ಮೇಜಿನ ಮೇಲಿಟ್ಟು ನಿಂತೆ. ಓದಿದ, ಅತ್ತಿತ್ತ ನೋಡಿದ, ಅರ್ಧ ಹಣ ಎಣಿಸಿ ಕೊಟ್ಟ. ಉಳಿದದ್ದು ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಅಂದಿದ್ದಾನೆ. ಅವನಿಗೂ ಹರಾಜಿಗೂ ಏನು ಸಂಬಂಧವೋ.