ಹಾಡುವ ಪೆಟ್ಟಿಗೆ ಮಾಡಿದವರು ಯಾರು?

ಪ್ರಶ್ನೆ: ನಮ್ಮ ಮುತ್ತಜ್ಜ ಹೈದರಾಬಾದಿನಿಂದ ತಂದದ್ದೆನ್ನುವ ಹಾಡುವ ಪೆಟ್ಟಿಗೆಯೊಂದು ಮನೆಯಲ್ಲಿದೆ. ಎಡಗಡೆಯ ಹಿಡಿಕೆಯನ್ನು ಹಿಂದೆ ಮುಂದೆ ಜಗ್ಗಿದರೆ ಆರು ಇಂಗ್ಲಿಷ್ ಧಾಟಿಗಳು ನುಡಿಯುತ್ತವೆ. ಮುಚ್ಚಳದೊಳಗೆ ಹಾಡುಗಳ ಪಟ್ಟಿಯೂ ಒಂದು ಅಂಗಡಿಯ ಹೆಸರೂ ಇವೆ. ಸ್ವಿಸ್ ಮಾಲು ಅನ್ನುತ್ತಾರೆ. ಮಾಡಿದವರನ್ನು ಪತ್ತೆ ಹಚ್ಚುವುದು ಹೇಗೆ?
ಓದುಗರೊಬ್ಬರು, ಚಿಟಗುಪ್ಪ

ಉತ್ತರ: ಅಂಗಡಿಯ ಹೆಸರನ್ನು ಸದ್ಯ ಪಕ್ಕಕ್ಕಿಡಿ. ಆ ಕಾಲದಲ್ಲಿ ಮಾಡಿದವರಿಗಿಂತ ಮಾರಿದವರ ಹೆಸರೇ ಎದ್ದು ಕಾಣುತ್ತಿತ್ತು. ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರವನ್ನು ನೀವು ನೋಡಿರಬಹುದು. ತಯಾರಾದದ್ದು ಇಂಗ್ಲೆಂಡಿನಲ್ಲಿ, ಹೆಸರುವಾಸಿಯಾದದ್ದು ಅದನ್ನು ಮಾರಿದ ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ. ಹಿರಿಯರ ಕೈಯಲ್ಲಿದ್ದ ವೆಸ್ಟ್ ಎಂಡ್ ವಾಚಿನದೂ ಇದೇ ಕಥೆ: ವ್ಯಾಪಾರ ಮುಂಬಯಿಯದು, ಯಂತ್ರ ಸ್ವಿಟ್ಜರ್‌ಲೆಂಡಿನದು. ನಿಮ್ಮ ಚಿಟಗುಪ್ಪ ನಿಜಾಮರ ಕಾಲದಲ್ಲಿ ಪಾಯಗಾ ಅಮೀರರಿಗೆ ಸೇರಿದ ತಾಲೂಕು. ಅಂಥ ಊರಿಗೆ ಹೈದರಾಬಾದಿನ ಶೋಕಿ ಸಾಮಾನು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಪೆಟ್ಟಿಗೆಯೊಳಗೆ ನೋಡೋಣ. ಹಿತ್ತಾಳೆಯ ಉರುಳೆಯ ಮೈತುಂಬ ಜೋಳ ಕೊಯ್ದ ಹೊಲದ ಕೂಳೆಯಂತೆ ಸಾವಿರಾರು ಉಕ್ಕಿನ ಪಿನ್ನುಗಳಿರುತ್ತವೆ. ಎದುರಿಗೆ ಉಕ್ಕಿನ ಹಣಿಗೆ. ಪಿನ್ನು ಹಲ್ಲನ್ನು ಮೀಟಿದರೆ ಸ್ವರ. ಒಂದು ಹಾಡು ಮುಗಿದಾಗ ಉರುಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ಆಗ ಅದೇ ಹಲ್ಲುಗಳಿಗೆ ಬೇರೆ ಪಿನ್ನುಗಳ ಸಾಲು ಎದುರಾಗುತ್ತದೆ. ಶ್ರುತಿ ಮಾಡಿದ ಉಕ್ಕಿನ ಹಲ್ಲುಗಳಿಂದ ಸಂಗೀತ ಹೊರಡಿಸುವ ಉಪಾಯವನ್ನು 1796ರಲ್ಲಿ ಜಿನೀವಾದ ಗಡಿಯಾರಗಾರ ಆಂತ್ವಾನ್ ಫಾವ್ರ್ ಅಲ್ಲಿನ ಕಲಾ ಸಂಘದ ಮುಂದಿಟ್ಟ. ಆಮೇಲೆ ಜಿನೀವಾದಲ್ಲಿ ನಿಕೋಲ್ ಫ್ರೇರ್, ಬ್ರೆಮೋಂ ಮೊದಲಾದವರು, ಜೂರಾ ಬೆಟ್ಟಗಳ ಸೇಂಟ್ ಕ್ರುವಾ ಊರಿನಲ್ಲಿ ಪಯ್ಯಾರ್, ಮೆರ್ಮೊ ಮನೆತನಗಳು ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಕೆಲಸ ಒಂದೇ ಸೂರಿನಡಿ ನಡೆಯುತ್ತಿರಲಿಲ್ಲ. ಉರುಳೆಗೆ ರಂಧ್ರ ಕೊರೆದು ಪಿನ್ನು ಕೂರಿಸುವ ಕೆಲಸವನ್ನು ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಮಾಡುತ್ತಿದ್ದರು. ಅವರ ಹೆಸರು ಯಾವ ಚೀಟಿಯಲ್ಲೂ ಇಲ್ಲ. ಹಾಗಾಗಿ ನಾವು ಹುಡುಕುವ 'ಮಾಡಿದವರು' ಎಂದರೆ ಬಿಡಿಭಾಗಗಳನ್ನು ಜೋಡಿಸಿ ತನ್ನ ಹೆಸರಿನಲ್ಲಿ ಕಳಿಸಿದ ಮನೆತನ, ಅಷ್ಟೆ.

ಕುರುಹುಗಳಲ್ಲಿ ನನಗೆ ಹೆಚ್ಚು ನಂಬಿಕೆ ಹಾಡುಗಳ ಪಟ್ಟಿಯ ಮೇಲೆ. ಬರೆದ ಹಾಡುಗಳ ಹೆಸರಿಗಿಂತ ಸುತ್ತಲಿನ ಅಚ್ಚಿನ ಚಿತ್ತಾರ ಮುಖ್ಯ. ಒಬ್ಬೊಬ್ಬ ತಯಾರಕ ಒಂದೊಂದು ಬಗೆಯ ಅಂಚು, ವೀಣೆಯಂಥ ವಾದ್ಯ, ದೇವತೆಯರ ಚಿತ್ರ ಹಾಕಿಸುತ್ತಿದ್ದ. 1962ರಲ್ಲಿ ಹುಟ್ಟಿದ ಬ್ರಿಟನ್ನಿನ ಮ್ಯೂಸಿಕಲ್ ಬಾಕ್ಸ್ ಸೊಸೈಟಿಯ ಸದಸ್ಯರು ಇಂಥ ಪಟ್ಟಿಗಳನ್ನು ಕಲೆಹಾಕಿ ಹೋಲಿಸುತ್ತ ಬಂದಿದ್ದಾರೆ. ಬುಲ್ಲೀಡ್ ಎಂಬಾತ ಅವಕ್ಕೆಂದೇ ಒಂದು ಪುಸ್ತಕ ಮಾಡಿದ್ದಾನೆ. ಚೀಟಿ ಕಿತ್ತು ನೋಡಬೇಡಿ, ಹಳೆಯ ಕಾಗದ ಹರಿದರೆ ಮುಖ್ಯ ಸಾಕ್ಷಿಯೇ ಹೋದಂತೆ.

ಎರಡನೆಯದು ಉರುಳೆ, ಹಣಿಗೆಗಳನ್ನು ಕೂರಿಸಿದ ಲೋಹದ ತಳಪಟ್ಟಿ. ಅದರ ಮೇಲೆ ಒತ್ತಿದ ಕ್ರಮಸಂಖ್ಯೆ ಇರಬಹುದು. ನಿಕೋಲ್ ಫ್ರೇರ್ ಪೆಟ್ಟಿಗೆಗಳಲ್ಲಿ ಹೆಸರು, ಸಂಖ್ಯೆ ಎರಡೂ ಸಿಗುತ್ತವೆ, ಸಂಖ್ಯೆಯಿಂದ ಕಾಲ ಅಂದಾಜಾಗುತ್ತದೆ. ಆದರೆ ಅಲ್ಲಿಲ್ಲಿ ಗೀರಿದ ಇನ್ನೊಂದು ಸಣ್ಣ ಸಂಖ್ಯೆಯೂ ಕಾಣುತ್ತದೆ. ಅದು ಹಣಿಗೆಯನ್ನು ಯಾವ ಸ್ವರಸಾಲಿಗೆ ಶ್ರುತಿ ಮಾಡಬೇಕೆಂಬ ಕೆಲಸಗಾರರ ಗುರುತು. ಅದನ್ನೇ ಕ್ರಮಸಂಖ್ಯೆ ಎಂದುಕೊಂಡು ದಾರಿ ತಪ್ಪಿದವರು ಕಡಿಮೆಯಿಲ್ಲ.

ಇನ್ನು ನಿಮ್ಮದರ ವಿಷಯ. ಹಿಡಿಕೆ ಜಗ್ಗಿ ಬಿಗಿಯುವ ಪದ್ಧತಿ ಸುಮಾರು 1860ರ ಈಚೆಗೆ ರೂಢಿಗೆ ಬಂತು. ಅದಕ್ಕೂ ಹಿಂದಿನವಕ್ಕೆ ಚಾವಿ ಕೊಡಬೇಕಿತ್ತು. ತಳಪಟ್ಟಿ ಹಿತ್ತಾಳೆಯದಾಗಿದ್ದರೆ ಕಾಲ ಹಿಂದಕ್ಕೆ, ಬೀಡಿನದಾಗಿದ್ದರೆ ಮುಂದಕ್ಕೆ ವಾಲುತ್ತದೆ. ಹಣಿಗೆಯ ಮೇಲೆ ಕಾಗದ ಸುತ್ತಿದ ಪಟ್ಟಿಯೊಂದು ಇಳಿಯುವಂತಿದ್ದರೆ, ದನಿಗೆ ಝೇಂಕಾರ ಕೊಡುವ ಆ ಸಲಕರಣೆಯ ಹೆಸರು ಜಿದರ್. ಬೀಡಿನ ತಳವೂ ಜಿದರೂ ಒಟ್ಟಿಗಿದ್ದರೆ ನಾನು ಸೇಂಟ್ ಕ್ರುವಾ ಕಡೆಯ, 19ನೇ ಶತಮಾನದ ಕೊನೆಯ ದಶಕಗಳ ಪೆಟ್ಟಿಗೆ ಎಂದು ಊಹಿಸುತ್ತೇನೆ. ಧಾಟಿಗಳು ಯಾವುವೆಂದು ತಿಳಿದರೆ ಇನ್ನೊಂದು ಎಳೆ ಸಿಗುತ್ತದೆ: ಹಾಡು ಹುಟ್ಟುವ ಮೊದಲು ಪೆಟ್ಟಿಗೆ ಹುಟ್ಟಿರಲಾರದಲ್ಲ! ಮಾಣಿಕನಗರದ ದತ್ತ ಜಯಂತಿಯ ಸಂಗೀತ ಕೇಳಿ ಪಳಗಿದ ಕಿವಿಗೂ ಇಂಗ್ಲಿಷ್ ಧಾಟಿ ಗುರುತಿಸುವುದು ಸುಲಭವಲ್ಲ, ಚರ್ಚಿನಲ್ಲಿ ಆರ್ಗನ್ ನುಡಿಸುವವರನ್ನು ಕೇಳಿ.

ಒಂದು ಎಚ್ಚರಿಕೆ. ಗಡಿಯಾರ ರಿಪೇರಿಯವರಿಗೆ ಕೊಡುವ ಮೊದಲು ಸ್ಪ್ರಿಂಗ್ ಪೂರ್ತಿ ಸಡಿಲಾಗುವವರೆಗೆ ಪೆಟ್ಟಿಗೆ ಹಾಡಲಿ. ವೇಗ ಹಿಡಿಯುವುದು ಬಲತುದಿಯಲ್ಲಿ ಗಿರ್ರನೆ ತಿರುಗುವ ಪುಟ್ಟ ರೆಕ್ಕೆ. ಸ್ಪ್ರಿಂಗ್ ಬಿಗಿಯಾಗಿರುವಾಗ ಅದನ್ನು ಬಿಚ್ಚಿದರೆ ಉರುಳೆ ಲಗಾಮಿಲ್ಲದೆ ಸುತ್ತಿ, ಕ್ಷಣಾರ್ಧದಲ್ಲಿ ಪಿನ್ನುಗಳನ್ನೂ ಹಣಿಗೆಯ ಹಲ್ಲುಗಳನ್ನೂ ಮುರಿದು ಹಾಕುತ್ತದೆ. ಪಿನ್ನುಗಳಿಗೆ ಎಣ್ಣೆಯನ್ನೂ ಹಾಕಬೇಡಿ. ಮುಚ್ಚಳದ ಪಟ್ಟಿ, ತಳಪಟ್ಟಿಯ ನಾಲ್ಕೂ ಮೂಲೆ, ಹಣಿಗೆಯ ಎರಡೂ ತುದಿ, ಇಷ್ಟರ ಚಿತ್ರ ಹಗಲ ಬೆಳಕಿನಲ್ಲಿ ತೆಗೆದರೆ ಬಲ್ಲವರಿಗೆ ತೋರಿಸಲು ಸಾಕು.