ಉಕ್ಕು, ಇಂಗಾಲ, ನಕ್ಷತ್ರ: ಪರೀಕ್ಷಾ ಟಿಪ್ಪಣಿ

ಮುಂಬೈನ ಸಾಂತಾಕ್ರೂಜ್ ಪಕ್ಕದ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಜೆಎಸ್‌ಡಬ್ಲ್ಯೂ ಸ್ಟೀಲ್‌ನ ಪ್ರಧಾನ ಕಚೇರಿಯಿದೆ. ಕುಲುಮೆ ಉರಿಯುವುದು ಮಾತ್ರ ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. 1999ರಲ್ಲಿ ಅಲ್ಲಿ ಶುರುವಾದದ್ದು ಕೋರೆಕ್ಸ್ ತಂತ್ರಜ್ಞಾನ. ಇದರಲ್ಲಿ ಬಹುಪಾಲು ಕೋಕಿಂಗ್ ಅಲ್ಲದ ಕಲ್ಲಿದ್ದಲೇ ಸಾಕು. ಹೊರಬರುವ ಅನಿಲದಿಂದ ವಿದ್ಯುತ್ ತಯಾರಿಸಬಹುದು.

ಪದೇ ಪದೇ ಕೇಳುವ ಪದ: ಕೋಕ್ ಡ್ರೈ ಕ್ವೆಂಚಿಂಗ್. ಒಲೆಯಿಂದ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಗೆ ಹೊರಬೀಳುವ ಕೋಕ್‌ಗೆ ನೀರು ಸುರಿದರೆ ಶಾಖವೆಲ್ಲ ಬಿಳಿ ಹಬೆಯಾಗಿ ಆಕಾಶಕ್ಕೆ. ನೀರಿನ ಬದಲು ನೈಟ್ರೋಜನ್‌ನಂಥ ಜಡ ಅನಿಲ ಹಾಯಿಸಿದರೆ ಅದೇ ಶಾಖ ಬಾಯ್ಲರ್ ಸೇರಿ ಟರ್ಬೈನ್ ತಿರುಗಿಸುತ್ತದೆ. ಊದುಕುಲುಮೆಯ ಮೇಲ್ಭಾಗದ ಅನಿಲದ ಒತ್ತಡದಿಂದ ವಿದ್ಯುತ್ ಪಡೆಯುವುದು ಟಿಆರ್‌ಟಿ. ಎರಡನ್ನೂ ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರು ಕಡಿಮೆಯೇನಲ್ಲ.

ಕೈಗಾರಿಕೆಗಳ ಇಂಧನ ಉಳಿತಾಯದ ಪ್ಯಾಟ್ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆ: ಮೊದಲ ಆವರ್ತ 2012–15. ನಡೆಸುವುದು ಇಂಧನ ದಕ್ಷತಾ ಬ್ಯೂರೊ, ಅಂದರೆ ವಿದ್ಯುತ್ ಸಚಿವಾಲಯದ ಅಡಿ. ಉಕ್ಕು ಸಚಿವಾಲಯ ಅಲ್ಲ. ಗುರಿ ಮೀರಿ ಉಳಿಸಿದವರಿಗೆ ಮಾರಬಹುದಾದ ಪ್ರಮಾಣಪತ್ರ ಸಿಗುತ್ತದೆ.

ಹಸಿರು ಉಕ್ಕಿನ ವರ್ಗೀಕರಣ (ಡಿಸೆಂಬರ್ 2024): ಒಂದು ಟನ್ ಸಿದ್ಧ ಉಕ್ಕಿಗೆ ಇಂಗಾಲದ ಹೊರಸೂಸುವಿಕೆ 2.2 ಟನ್‌ಗಿಂತ ಕಡಿಮೆ ಇರಬೇಕು. 1.6ಕ್ಕಿಂತ ಕೆಳಗಿದ್ದರೆ ಐದು ನಕ್ಷತ್ರ, 1.6–2.0 ನಾಲ್ಕು, 2.0–2.2 ಮೂರು. ಒಂದು, ಎರಡು ನಕ್ಷತ್ರಗಳೇ ಇಲ್ಲ. ಬಲೆ ಬೀಸುವುದು ಇಲ್ಲೇ.

ಭದ್ರಾವತಿಯನ್ನೂ ಮರೆಯಬೇಡಿ. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಿದ್ದು ಕಾಡಿನ ಸೌದೆಯ ಇದ್ದಿಲಿನಿಂದ.