ಶಾಸನಪಾಠವೂ ಗಣಕದ ಅಂಕೆಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆರನೆಯ ಸಂಪುಟದಲ್ಲಿಯೂ ನಾಗಮಂಗಲದವು ಏಳನೆಯದರಲ್ಲಿಯೂ ಅಚ್ಚಾಗಿವೆ. ಅವುಗಳಲ್ಲೊಂದನ್ನು ಹಳೆಯ ‘ನುಡಿ’ ಲಿಪಿಯಲ್ಲಿ ಬೆರಳಚ್ಚಿಸಿ, ಆ ಲಿಪಿಯಿಲ್ಲದ ಗಣಕಕ್ಕೆ ಕಳುಹಿಸಿದರೆ ಅಲ್ಲಿ ಕಾಣುವುದು ರೋಮನ್ ಅಕ್ಷರಗಳ ರಾಶಿ. ಶತಮಾನಗಳ ಕಾಲ ಕಲ್ಲಿನಲ್ಲಿ ಉಳಿದುದು ಕಡತದಲ್ಲಿ ಕೆಡುತ್ತದೆ! ಕಾರಣವಿಷ್ಟೆ: ಆ ಪದ್ಧತಿಯು ತಲೆಕಟ್ಟು, ಕೊಂಬು, ಒತ್ತುಗಳ ರೂಪಗಳಿಗೆ ರೋಮನ್ ಅಕ್ಷರಗಳ ಅಂಕೆಗಳನ್ನೇ ಎರವಲು ಪಡೆದಿತ್ತು. 1991ರ ಯೂನಿಕೋಡ್ ಕಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯನ್ನಿತ್ತಿತು.

ಪರಿವರ್ತಕ ತಂತ್ರಾಂಶಗಳುಂಟು, ಆದರೆ ಅರ್ಕಾವತ್ತಿನಲ್ಲಿ ಎಚ್ಚರ ಬೇಕು. ‘ಧರ್ಮ’ ಶಬ್ದದಲ್ಲಿ ಹಳೆಯ ಕಡತವು ಬರೆಯುವ ಕ್ರಮದಂತೆ ಮಕಾರದ ಅನಂತರ ಅರ್ಕಾವತ್ತನ್ನಿಡುತ್ತದೆ. ಯೂನಿಕೋಡ್ ಉಚ್ಚಾರಣೆಯಂತೆ ರೇಫವನ್ನೇ ಮೊದಲಿಡುತ್ತದೆ. ವ್ಯಾಕರಣಕ್ಕೂ ಇದೇ ಸಮ್ಮತ. ಆದುದರಿಂದ ಪರಿವರ್ತಿತ ಪಾಠವನ್ನು ಅಚ್ಚಿನ ಸಂಪುಟದೊಡನೆ ಹೋಲಿಸಿ ಓದಿದ ಮೇಲೆಯೇ ಹಳೆಯ ಕಡತವನ್ನು ಅಳಿಸತಕ್ಕದ್ದು.